ನಮ್ಮ ಪರವಾಗಿ ಸಹಿ ಮಾಡೋರು ಯಾರು?

ಮುಖತ್ಯಾರ ಪತ್ರ ಮಗಳ ಹೆಸರಿಗೆ ಮಾಡಿಸಿದೆ ಅಂತ ಗೊತ್ತಾದ ಮ್ಯಾಲ ನಮ್ಮ ಓಣ್ಯಾಗ, ಬೀಗರ ಮನ್ಯಾಗ, ಕಡೀಕ ನಮ್ಮ ಭಿಶಿ ಗುಂಪಿನ್ಯಾಗ ಸುದ್ದಾ ಎಲ್ಲಾರೂ ಒಂದ ಪ್ರಶ್ನೆ ಕೇಳ್ಯಾರ: “ಅಲ್ಲರೀ, ಮಗಾ ಇದ್ದಾನ, ಮೈದುನ ಇದ್ದಾನ, ಕೊಟ್ಟ ಮಗಳಿಗೆ ಯಾಕ ಕೊಟ್ರಿ?” ಒಬ್ಬೊಬ್ಬರಿಗೆ ಒಂದೊಂದು ಉತ್ತರ ಹೇಳಿ ಸಾಕಾಗೇದ. ಅದಕ್ಕ ಎಲ್ಲಾ ಕೂಡಿಸಿ ಇಲ್ಲೆ ಬರೀಲಿಕ್ಕೆ ಹತ್ತೇನಿ. ಕೇಳಿದವರಿಗೆ ಉತ್ತರ ಸಿಗ್ತದ, ನಾಳೆ ತಾವೂ ಇಂಥ ಕಾಗದ ಮಾಡಿಸೋರಿಗೆ ಉಪಯೋಗನೂ ಆದೀತು.

ಮೊದಲ ಈ ಕಾಗದ ಅಂದ್ರ ಏನಂತ ಹೇಳ್ತೇನಿ. ಪಾವರ್ ಆಫ್ ಅಟಾರ್ನಿ ಅನ್ರಿ, ಮುಖತ್ಯಾರ ಪತ್ರ ಅನ್ರಿ, ಎರಡೂ ಒಂದ. ನಾ ಮಾಡಬೇಕಾದ ಕೆಲಸ ನನ್ನ ಹೆಸರಿನ್ಯಾಗ ಇನ್ನೊಬ್ಬರು ಮಾಡಬಹುದು, ಅವರ ಸಹಿ ಅಂದ್ರ ನನ್ನ ಸಹಿ ಇದ್ದಂಗ ಅಂತ ಬರದು ಕೊಡೋದು. ಎಲ್ಲಾ ಕೆಲಸಕ್ಕೂ ಕೊಟ್ರ ಅದಕ್ಕ ಜನರಲ್ ಅಂತಾರ, ಅದ ಜಿ.ಪಿ.ಎ. ಇಂಥಿಂಥ ಕೆಲಸಕ್ಕ ಮಾತ್ರ ಅಂತ ಎಣಿಸಿ ಬರದ್ರ ಸ್ಪೆಶಲ್. ಇದಕ್ಕಂತನ 1882ರ ಒಂದು ಕಾಯಿದೆ ಅದ. ಅದರಾಗ ಮದಿವ್ಯಾದ ಹೆಣ್ಣುಮಕ್ಕಳ ಸಲುವಾಗೇ ಒಂದು ಕಲಮು ಹಾಕ್ಯಾರ: ಮದಿವ್ಯಾದಾಕಿ, ಮದಿವಿ ಆಗದಾಕಿ ಹೆಂಗೋ ಹಂಗ, ತನ್ನ ಪರವಾಗಿ ಯಾರನ್ನ ಬೇಕಾದ್ರೂ ನೇಮಿಸಬಹುದು. ವಕೀಲರು ಇದನ್ನ ಓದಿ ಹೇಳಿದಾಗ ನನಗ ನಗು ಬಂತು. ಅಷ್ಟ ಹಿಂದಿನ ಕಾಯಿದೆ ನಮ್ಮನ್ನ ಕೇಳಿ ಸಹಿ ಮಾಡಸ್ರಿ ಅಂತದ, ನಾವು ಇನ್ನೂ “ಅವರು ಹೇಳಿದಲ್ಲೆ ಸಹಿ ಹಾಕಿದೆ” ಅಂತ ಹೇಳ್ಕೋತ ಕೂಡ್ತೇವಿ.

ನನಗ ಈ ಕಾಗದ ಯಾಕ ಬೇಕಾಯ್ತು ಅಂದ್ರ, ಎರಡೂ ಮೊಣಕಾಲಿನ ಆಪರೇಶನ್ ಆಗೋದಿತ್ತು. ಆಮ್ಯಾಲ ಆರು ತಿಂಗಳು ಪುಣೇದಾಗ ಮಗನ ಮನ್ಯಾಗ ಇರೋದು ಅಂತ ಠರಾವ ಆತು. ಇಲ್ಲೆ ಧಾರವಾಡದಾಗ ಮನಿ ಅದ, ಮ್ಯಾಲ ಬಾಡಿಗಿಯವರು ಇದ್ದಾರ, ಅವರ ಕರಾರು ಮುಗೀಲಿಕ್ಕೆ ಬಂದಿತ್ತು. ಮನಿ ಪಟ್ಟಿ, ಕರೆಂಟ್ ಬಿಲ್ಲು, ನೀರಿನ ಬಿಲ್ಲು. ಗದಗಿನಾಗ ನಮ್ಮವರು ತಗೊಂಡಿದ್ದ ಪ್ಲಾಟಿಗೆ ಇ-ಖಾತಾ ಮಾಡಸೋದಿತ್ತು. ಊರಾಗ ಹೊಲ ಅದ, ಅದು ಮೈದುನಂದೂ ನಮ್ಮದೂ ಇನ್ನೂ ವಾಟಣಿ ಆಗಿಲ್ಲ. ನಮ್ಮವರು ಇದ್ದಾಗ ಇದೆಲ್ಲಾ ಅವರ ಟ್ರೆಜರ್ಯಾಗಿನ ಫೈಲಿನ್ಯಾಗ ತಾನ ನಡೀತಿತ್ತು. ಅವರು ಹೋದ ಮ್ಯಾಲ ನಾನ ಓಡ್ಯಾಡಿ ಮಾಡ್ತಿದ್ದೆ. ಆರು ತಿಂಗಳು ನಾ ಇಲ್ಲಂದ್ರ ಯಾರರ ಒಬ್ಬರು ಬೇಕ ಬೇಕು.

ನಮ್ಮ ಕಡೆ ಇಂಥಾ ಮಾತು ಬಂದ್ರ ಯಾರೂ ವಿಚಾರ ಮಾಡೂದಿಲ್ಲ. ಹಿರೇ ಮಗ ಇದ್ರ ಹಿರೇ ಮಗ, ಅಂವಾ ದೂರ ಇದ್ರ ಮೈದುನ. ಹಂಗ ಹೆಸರು ಬರೀತಾರ, ಸಹಿ ಹಾಕ್ತಾರ, ಚಹಾ ಕುಡೀತಾರ. ನಾನೂ ಅದನ್ನ ಮಾಡ್ತಿದ್ದೆನೋ ಏನೋ, ಆದ್ರ ನಮ್ಮ ಅಕ್ಕನ ಮನ್ಯಾಗ ಆದದ್ದನ್ನ ಹತ್ತಿರದಿಂದ ನೋಡಿದ್ದೆ.

ನಮ್ಮ ಅಕ್ಕ ತನ್ನ ಮಗನಿಗೆ ಎಲ್ಲಾ ಸೇರಿಸಿ ಒಂದು ಜಿ.ಪಿ.ಎ. ಮಾಡಿ ಕೊಟ್ಟಿದ್ಲು. ಮಗಾ ಬಂಗಾರದಂಥಾಂವ, ಅದರಾಗ ಎರಡು ಮಾತಿಲ್ಲ. “ನಾಳೆ ನನಗ ಏನರ ಆದ್ರ ಇರಲಿ” ಅಂತನ ಅಕಿ ಕೊಟ್ಟಿದ್ದು. ಮೂರು ವರ್ಷದಾಗ ಅಕಿಗೆ ಮರವು ಶುರು ಆತು. ಮಕ್ಕಳ ಹೆಸರು ತಪ್ಪತಿದ್ಲು, ಆಮ್ಯಾಲ ಮನಿ ಯಾವುದು ಅನ್ನೋದ ತಿಳೀಲಿಲ್ಲ. ಆವಾಗ ಮಗಾ ಕಾಗದ ಹಿಡಕೊಂಡು ಬ್ಯಾಂಕಿಗೆ ಹೋದ್ರ, ಅವರು ಡಾಕ್ಟರರ ಚೀಟಿ ನೋಡಿ, ತಾಯಿಗೆ ತಿಳುವಳಿಕಿ ಇಲ್ಲಂದ್ರ ಈ ಕಾಗದ ನಡಿಯೂದಿಲ್ಲ ಅಂದ್ರು. ಅವರು ಹೇಳಿದ್ದು ಖರೇನ. 1872ರ ಕರಾರು ಕಾಯಿದೆ 201ನೇ ಕಲಮಿನ ಪ್ರಕಾರ, ಕೊಟ್ಟವರು ತೀರಿಕೊಂಡ್ರ ಅಥವಾ ಅವರ ಬುದ್ಧಿ ಸ್ಥಿಮಿತ ಹೋದ್ರ ಆ ಅಧಿಕಾರನೂ ಮುಗೀತು. ಬ್ಯಾರೆ ಕೆಲವು ದೇಶದಾಗ ಬುದ್ಧಿ ಹೋದ ಮ್ಯಾಲೂ ನಡಿಯೋ ಮುಖತ್ಯಾರ ಪತ್ರ ಅವ, ನಮ್ಮಲ್ಲಿ ಇಲ್ಲ. ಯಾವಾಗ ಬೇಕಾಗ್ತದ ಅಂತ ಅಕ್ಕ ಮಾಡಿಸಿಟ್ಟಿದ್ಲೋ, ಆವಾಗ ಅದು ಬರೇ ಕಾಗದ ಆತು. ಕಡೀಕ ಮಗಾ ಇಲ್ಲೆ ಧಾರವಾಡದ ಹೈಕೋರ್ಟ್ ಪೀಠಕ್ಕ ಹೋಗಿ, ತನ್ನನ್ನ ಗಾರ್ಡಿಯನ್ ಅಂತ ನೇಮಿಸ್ರಿ ಅಂತ ಅರ್ಜಿ ಹಾಕಬೇಕಾತು. ಅದು ಆಗೋತನಕ ಅಕ್ಕನ್ನ ನೋಡಿಕೊಳ್ಳಾಕಿಯ ಪಗಾರು, ಔಷಧ, ಎಲ್ಲಾ ತನ್ನ ಕಿಸೇದಿಂದ ಹಾಕಿದಾ. ಬ್ಯಾಂಕಿನ್ಯಾಗ ಅಕ್ಕನ ರೊಕ್ಕ ಅಲ್ಲೇ ಇತ್ತು.

ಇದರಿಂದ ನಾ ತಿಳಕೊಂಡದ್ದು ಏನಂದ್ರ, ಈ ಕಾಗದ ನಮ್ಮ ತಲಿ ನೆಟ್ಟಗ ಇದ್ದಾಗಿನ ಕಾಗದ. ನಾವು ಇದ್ದೇವಿ, ನಮಗ ತಿಳೀತದ, ಆದ್ರ ನಾವು ಅಲ್ಲೆ ಹೋಗಿ ನಿಂದರಲಿಕ್ಕೆ ಆಗೂದಿಲ್ಲ, ಅದಕ್ಕ ಇದು. ಅಂದ ಮ್ಯಾಲ “ನನ್ನನ್ನ ಯಾರು ಭಾಳ ಪ್ರೀತಿ ಮಾಡ್ತಾರ” ಅಂತ ನೋಡಿ ಕೊಡೋದಲ್ಲ. “ನಾ ಹೇಳಿದ್ದನ್ನ ಹೇಳಿದಷ್ಟ ಮಾಡಿ, ನನಗ ಲೆಕ್ಕ ಕೊಡೋರು ಯಾರು” ಅಂತ ನೋಡಬೇಕು. ಪ್ರೀತಿ ಬ್ಯಾರೆ, ಇದು ಬ್ಯಾರೆ.

ಹಿಂಗ ವಿಚಾರ ಮಾಡಿ ನಾ ಮೂರೂ ಮಂದಿಗೆ, ಬ್ಯಾರೆ ಬ್ಯಾರೆ ಕೂಡಿಸಿಕೊಂಡು, ಒಂದ ಪ್ರಶ್ನೆ ಕೇಳಿದೆ. “ನಾ ಪುಣೇದಾಗ ಹಾಸಿಗಿ ಮ್ಯಾಲ ಇರ್ತೇನಿ. ಆವಾಗ ಯಾರೋ ಬಂದು ಈ ಮನಿಗೆ ಛಲೋ ರೇಟ್ ಕೊಡ್ತೇನಿ, ಈ ವಾರನ ಹೇಳ್ರಿ ಅಂದ್ರ ಏನ್ ಮಾಡ್ತಿ?”

ಮಗಾ ಅಂದಾ, “ಅವ್ವಾ, ಮಾರಿಬಿಡ್ತೇನಿ. ನೀ ಒಬ್ಬಾಕಿ ಆ ದೊಡ್ಡ ಮನ್ಯಾಗ ಯಾಕಿರ್ತಿ? ನಮ್ಮ ಜೋಡಿ ಇರು.” ಅಂವಾ ಅಂದದ್ದು ಪ್ರೀತಿಯಿಂದ, ನನಗ ಗೊತ್ತದ. ನಾ ಫೋನ್ ಎತ್ತೋದು ಎರಡು ತಾಸು ತಡಾ ಆದ್ರ ಅಂವಗ ಊಟ ಸೇರೂದಿಲ್ಲ. ಆದ್ರ ನನಗ ಮನಿ ಮಾರೋದಿಲ್ಲ. ನನ್ನ ಒಳ್ಳೇದು ನನಗಿಂತ ತನಗ ಹೆಚ್ಚು ಗೊತ್ತು ಅನ್ನೋರ ಕೈಯಾಗ ನನ್ನ ಸಹಿ ಕೊಟ್ರ, ಅದು ಅವರ ಸಹಿ ಆಗ್ತದ, ನನ್ನದಲ್ಲ.

ಮೈದುನ ಅಂದಾ, “ನಾ ನೋಡ್ಕೋತೇನಿ ವೈನಿ, ನೀವು ಚಿಂತಿ ಮಾಡಬ್ಯಾಡ್ರಿ.” ನಾ ಮದಿವ್ಯಾಗಿ ಬಂದಾಗ ಅಂವಾ ಎಂಟನೇ ಇಯತ್ತೆ ಹುಡುಗ, ನನ್ನ ಕೈ ತುತ್ತು ಉಂಡಾಂವ. ಮೂವತ್ತು ವರ್ಷ ಹೊಲಾ ನೋಡ್ಯಾನ, ಒಂದು ಚೀಲ ಜ್ವಾಳ ಹೆಚ್ಚುಕಡಿಮಿ ಮಾಡಿದಾಂವ ಅಲ್ಲ. ಆದ್ರ “ನೋಡ್ಕೋತೇನಿ” ಅನ್ನೋದು ಉತ್ತರ ಆಗೂದಿಲ್ಲ. ಏನ್ ನೋಡ್ಕೋತಾನ, ಹೆಂಗ ನೋಡ್ಕೋತಾನ? ಮತ್ತ ಅದಕ್ಕಿಂತ ದೊಡ್ಡ ಮಾತು ಏನಂದ್ರ, ಹೊಲದಾಗ ಅಂವಂದೂ ಪಾಲದ, ನಮ್ಮದೂ ಪಾಲದ. ನನ್ನ ಮುಖತ್ಯಾರ ಅಂವಾ ಆದ್ರ ವಾಟಣಿ ಕಾಗದಕ್ಕ ಎರಡೂ ಕಡೆ ಅಂವನ ಸಹಿ. ಕೊಡಾಂವನೂ ಅವನ, ತಗೊಳ್ಳಾಂವನೂ ಅವನ. ಮನಶ್ಯಾ ಎಷ್ಟ ಪ್ರಾಮಾಣಿಕ ಇದ್ರೂ ತಕ್ಕಡಿಯ ಎರಡೂ ಪರಡಿ ಒಬ್ಬರ ಕೈಯಾಗ ಕೊಡಬಾರದು. ನಾಳೆ ಅಂವನ ಮಕ್ಕಳು, ನನ್ನ ಮಕ್ಕಳು ಮಾರಿ ನೋಡದಂಗ ಆಗೋದು ಇಂಥಾದ್ದಕ್ಕ.

ಮಗಳು ಅಂದ್ಲು, “ನಿನಗ ಫೋನ್ ಮಾಡ್ತೇನಿ.”

“ಫೋನ್ ಹತ್ತಲಿಲ್ಲಂದ್ರ?”

“ಇಲ್ಲಾ ಅಂತ ಹೇಳಿ ಕಳಸ್ತೇನಿ.”

ಇಷ್ಟಕ್ಕ ಮುಗೀಲಿಲ್ಲ. ಎರಡು ದಿನ ಬಿಟ್ಟು ಹುಬ್ಬಳ್ಳಿಯಿಂದ ಮತ್ತ ಬಂದ್ಲು. “ಅವ್ವಾ, ನನ್ನ ಹೆಸರಿಗೆ ಮಾಡಸೋದಿದ್ರ ಒಂದು ಮಾತು. ಮಾರೋದು, ಒತ್ತಿ ಇಡೋದು, ನಿನ್ನ ಹೆಸರಿನ್ಯಾಗ ಸಾಲ ತಗೊಳ್ಳೋದು, ಈ ಮೂರೂ ಅಧಿಕಾರ ನನಗ ಬ್ಯಾಡ. ನಮ್ಮ ಮನ್ಯಾಗ ಅಂಗಡಿ ಸಾಲ ಅದ, ನಿನಗೂ ಗೊತ್ತು. ಇವರು ಕೇಳೂದಿಲ್ಲ. ಆದ್ರ ಕಷ್ಟ ಬಂದಾಗ ಮನ್ಯಾಗ ಯಾರರ ಕೇಳ್ತಾರ. ಆವಾಗ ‘ಅದು ನನ್ನ ಕೈಯಾಗ ಇಲ್ಲ’ ಅಂತ ಹೇಳ್ಲಿಕ್ಕೆ ನನಗೂ ಒಂದು ಆಧಾರ ಬೇಕು” ಅಂದ್ಲು. ಇದನ್ನ ಅಕಿ ಒಪ್ಪಿಗಿ ತಗೊಂಡ ಬರದೇನಿ. ನಮ್ಮ ಅಳಿಯಂದ್ರೂ ಓದಿ “ಬರೀರಿ, ಖರೇನ ಅದ” ಅಂದ್ರು.

ಅವತ್ತ ನನ್ನ ಮನಸ್ಸು ಗಟ್ಟಿ ಆತು. ಅಧಿಕಾರ ಪೂರ್ತಿ ಕೊಡ್ರಿ ಅನ್ನೋರಿಗಿಂತ, ಇಷ್ಟ ಸಾಕು ಅನ್ನೋರು ಛಲೋ. ತನ್ನ ಮನಿ ಅಡಚಣಿ ತಾನ ಬಾಯಿಬಿಟ್ಟು ಹೇಳಿದಾಕಿ ನಾಳೆ ನನ್ನ ರೊಕ್ಕದ ಲೆಕ್ಕಾನೂ ಹೇಳ್ತಾಳ.

ಕೊಟ್ಟ ಮಗಳು, ಅಳಿಯನ ಕೈಗೆ ಹೋಗ್ತದ ಅಂತ ಅಂದವರಿಗೂ ಉತ್ತರ ಅದ. ನಾ ಮಗಳಿಗೆ ಕೊಟ್ಟದ್ದನ್ನ ಅಕಿ ತನ್ನ ಮನಸ್ಸಿಗೆ ಬಂದಂಗ ಇನ್ನೊಬ್ಬರಿಗೆ ವಹಿಸಲಿಕ್ಕೆ ಬರೂದಿಲ್ಲ, ಕಾಯಿದೆನ ಹಂಗದ. ಕಾಗದದಾಗ ಇಲ್ಲದ್ದನ್ನ ಅಕೀನೂ ಮಾಡಲಿಕ್ಕೆ ಬರೂದಿಲ್ಲ. ಹಿಂಗಾಗಿ ಮಗಳೋ ಮಗನೋ ಅನ್ನೋದಕ್ಕಿಂತ ಕಾಗದದಾಗ ಏನ್ ಬರದೇವಿ ಅನ್ನೋದು ದೊಡ್ಡದು.

ಮೈದುನಗ ಬ್ಯಾರೆಯವರ ಬಾಯಿಂದ ಗೊತ್ತಾಗಬಾರದು ಅಂತ ನಾನ ಅವರ ಮನಿಗೆ ಹೋದೆ. ನೆಗೆಣ್ಣಿ ಚಹಾ ಚೂಡಾ ಕೊಟ್ಲು. ಹೇಳಿದೆ. ಅಂವಾ ಭಾಳ ಹೊತ್ತು ಸುಮ್ಮನಿದ್ದಾ. “ಮೂವತ್ತು ವರ್ಷದಾಗ ನಾ ಏನರ ತಿಂದೇನೇನು ವೈನಿ?” ಅಂದಾ. “ತಿಂದಿಲ್ಲಪಾ. ತಿಂದಿಲ್ಲ ಅಂತನ ನಿನ್ನ ಮುಂದ ಕೂತು ಹೇಳ್ಲಿಕ್ಕೆ ಹತ್ತೇನಿ. ಹೊಲದ ಕಾಗದ ಯಾರ ಹೆಸರಿಗೂ ಮಾಡಸೂದಿಲ್ಲ, ಮಗಳ ಹೆಸರಿಗೂ ಇಲ್ಲ. ನೀ ಬಿತ್ತೋದು ಬೆಳಿಯೋದು ಹೆಂಗದ ಹಂಗ ನಡೀಲಿ. ವಾಟಣಿ ದಿನಾ ನಾನ ಬಂದು ಸಹಿ ಹಾಕ್ತೇನಿ” ಅಂದೆ. ಅಂವಾ ಹೂಂ ಅನ್ನಲಿಲ್ಲ, ಊಂಹೂಂ ಅನ್ನಲಿಲ್ಲ. ಆ ವರ್ಷ ಸೀತನಿ ಕಳಸಲಿಲ್ಲ. ನನಗ ಕೆಟ್ಟನಸ್ತು, ಸುಳ್ಳ ಯಾಕ ಹೇಳ್ಲಿ. ಆದ್ರ ಮನಸ್ಸು ನೋಯಬಾರದು ಅಂತ ಸಹಿ ಮಾಡೋದು ನನಗ ಸರಿ ಅನಸೂದಿಲ್ಲ. ಸಹಿ ಆದ ಮ್ಯಾಲ ಆಗೋ ನೋವು ಕೋರ್ಟಿನ ತನಕ ಹೋಗ್ತದ.

ಇನ್ನ ಕಾಗದದಾಗ ಏನೇನು ಬರಸಿದೆ ಅಂತ ಹೇಳ್ತೇನಿ. ವಕೀಲರು ಇಂಗ್ಲಿಷಿನ್ಯಾಗ ತಯಾರ ಇದ್ದ ಒಂದು ನಮೂನಿ ತಗದ್ರು. ಅದರಾಗ ಮಾರೋದು, ದಾನ ಕೊಡೋದು, ಒತ್ತಿ ಇಡೋದು, ಎಲ್ಲಾ ಮೊದಲ ಅಚ್ಚಾಗಿತ್ತು. ನಾ ಅಂದೆ, “ಸರ್, ನನಗ ಕನ್ನಡದಾಗ ಬೇಕು, ಮತ್ತ ನಾ ಹೇಳಿದಷ್ಟ ಬೇಕು.” ಅವರು ಬ್ಯಾಸರ ಮಾಡ್ಕೊಳ್ಳಲಿಲ್ಲ.

ಮಗಳು ಮಾಡಬಹುದಾದ ಕೆಲಸ: ಮ್ಯಾಲಿನ ಮನಿ ಬಾಡಿಗಿಗೆ ಕೊಡೋದು, 11 ತಿಂಗಳ ಕರಾರಿಗೆ ಸಹಿ ಹಾಕೋದು, ಬಾಡಿಗಿ ತಗೊಂಡು ಪಾವತಿ ಕೊಡೋದು, ಮನಿ ಪಟ್ಟಿ ಮತ್ತ ಬಿಲ್ಲು ತುಂಬೋದು, ರಿಪೇರಿ ಮಾಡಸೋದು, ಗದಗಿನ ಪ್ಲಾಟಿನ ಇ-ಖಾತಾ ಸಲುವಾಗಿ ಅರ್ಜಿ ಕೊಟ್ಟು ಓಡ್ಯಾಡೋದು, ನನ್ನ ಒಂದ ಒಂದು ಬ್ಯಾಂಕ್ ಖಾತೆ ನಡಸೋದು.

ಮಾಡಬಾರದ್ದು ಅಂತ ಬ್ಯಾರೆ ಬರಸಿದೆ: ಮಾರಾಟ, ದಾನ, ಒತ್ತಿ, ಸಾಲ, ಜಾಮೀನು. ಬರೀಲಿಲ್ಲ ಅಂದ್ರ ಇಲ್ಲ ಅಂತನ ಅರ್ಥ, ಆದ್ರೂ ಕಣ್ಣಿಗೆ ಕಾಣೋಹಂಗ ಇರಲಿ ಅಂತ ಬರಸಿದೆ. ಮುದ್ದತು ಒಂದು ವರ್ಷ, ತಾರೀಖು ಹಾಕೇದ. ಪ್ರತಿ ತಿಂಗಳು 5ನೇ ತಾರೀಖಿನೊಳಗ ಲೆಕ್ಕ ಕೊಡಬೇಕು ಅಂತನೂ ಒಂದು ಸಾಲು ಅದ. ಮಗಳಿಗೆ ಜಡ್ಡು ಜಾಪತ್ರಿ ಬಂದ್ರ ಅಂತ ಎರಡನೇ ಹೆಸರು ಮಗಂದು ಹಾಕಸೇನಿ, ಅಷ್ಟ ಕೆಲಸಕ್ಕ, ಅದ ಕಟ್ಟುಪಾಡಿನ ಮ್ಯಾಲ.

ಬರೇ ನೋಟರಿ ಮುಂದ ಮಾಡಸಿದ್ರೂ ಇಂಥಾ ಕೆಲಸಕ್ಕ ನಡೀತದ ಅಂದ್ರು. ನಾ ಸಬ್ ರಜಿಸ್ಟ್ರಾರ್ ಆಫೀಸಿನ್ಯಾಗ ನೋಂದಣಿನ ಮಾಡಸಿದೆ, ನಾಳೆ ಯಾರೂ ಖೊಟ್ಟಿ ಅನ್ನಬಾರದು ಅಂತ. ಭಾಳ ಜಡ್ಡಾಗಿ ಆಫೀಸಿಗೆ ಹೋಗ್ಲಿಕ್ಕೆ ಆಗದವರಿದ್ರ ಅಧಿಕಾರಿಗಳು ಮನಿಗೇ ಬಂದು ಸಹಿ ತಗೊಳ್ಳೋ ಸೌಲಭ್ಯ ಅದ, ಕೇಳ್ರಿ. ಬ್ಯಾಂಕಿನವರು ಮಾತ್ರ ನಮ್ಮ ಕಾಗದದ ಜೋಡಿ ತಮ್ಮ ಫಾರ್ಮೂ ತುಂಬಿಸಿಕೊಂಡ್ರು. ಅದಕ್ಕ ಊರಿಗೆ ಹೋಗೋ ಹಿಂದಿನ ದಿನಾ ಇದನ್ನೆಲ್ಲಾ ಇಟ್ಕೋಬ್ಯಾಡ್ರಿ, ಒಂದು ತಿಂಗಳು ಮೊದಲ ಶುರು ಮಾಡ್ರಿ. ಪರದೇಶದಾಗಿರೋ ನಿಮ್ಮ ಮಕ್ಕಳು ಅಲ್ಲಿಂದ ಮಾಡಿ ಕಳಸೋದಿದ್ರ ಭಾರತದ ಕಾನ್ಸುಲೇಟಿನ್ಯಾಗ ಸಹಿ ಮಾಡಬಹುದು. ಆ ಕಾಗದ ಇಲ್ಲಿಗೆ ಬಂದು ಮುಟ್ಟಿದ 3 ತಿಂಗಳೊಳಗ ಸ್ಟಾಂಪ್ ಡ್ಯೂಟಿ ತುಂಬಬೇಕು, ಅದನ್ನ ಮರೀಬ್ಯಾಡ್ರಿ.

ಪುಣೇದಾಗ ಇದ್ದಾಗ ಪ್ರತಿ ತಿಂಗಳು ಮಗಳು ವಹಿ ಪುಟದ ಫೋಟೋ ಕಳಸತಿದ್ಲು. ಬಾಡಿಗಿ ಬಂದದ್ದು 9,000. ನೀರಿನ ಮೋಟಾರು ರಿಪೇರಿ 2,350. ಬಿಲ್ಲು ಇಷ್ಟು, ಉಳದದ್ದು ಇಷ್ಟು. ಒಂದು ತಿಂಗಳು 400 ರೂಪಾಯಿ ತಾಳೆ ಆಗಲಿಲ್ಲ, ಕೇಳಿದೆ. ನಳದ ಕೆಲಸದಾಂವ ಚೀಟಿ ಕೊಟ್ಟಿರಲಿಲ್ಲಂತ, ಅವತ್ತ ಸಂಜೀಕ ಅಂವನ ಕಡಿಂದ ಬರಸಿಕೊಂಡು ಕಳಸಿದ್ಲು. ನಮ್ಮ ಸೊಸಿ ಬಾಜೂಕ ಕೂತಾಕಿ, “ಅತ್ತಿ, ಮಗಳನ್ನ 400 ರೂಪಾಯಿ ಕೇಳಿದ್ರಲ್ಲಾ, ಅವರಿಗೆ ಬ್ಯಾಸರ ಆಗೂದಿಲ್ಲೇನು?” ಅಂದ್ಲು. ನಾ ಅಂದೆ, “ಭಿಶಿ ಒಳಗ ಹತ್ತು ರೂಪಾಯಿ ಕಡಿಮಿ ಬಿದ್ರ ನಾವೆಲ್ಲಾ ಕೂಡಿ ಎರಡು ಸಲ ಎಣಸ್ತೇವಿ. ಅಲ್ಲೆ ಯಾರಿಗೂ ಬ್ಯಾಸರ ಇಲ್ಲ.” ಕಾಯಿದೆನೂ ಅದನ್ನ ಹೇಳ್ತದ, ಕೇಳಿದಾಗ ಮುಖತ್ಯಾರರು ಲೆಕ್ಕ ಕೊಡಲೇಬೇಕು. ಕೇಳೋದು ಸಂಶಯ ಅಲ್ಲ. ಕೇಳದ ಬಿಟ್ಟು, ಒಳಗೊಳಗ ಗುನ್ಯಾಡೋದು ಸಂಶಯ.

ಮ್ಯಾಲಿನ ಮನಿಗೆ ಬಣ್ಣಾ ಬಳಸಬೇಕು ಅನ್ನೋದು ಮಗಳ ಮಾತು. ಈ ವರ್ಷ ಬ್ಯಾಡ ಅನ್ನೋದು ನಂದು. ಅಕಿಗೆ ಅದು ಸರಿ ಅನಸಲಿಲ್ಲ, ಬಾಡಿಗಿ ಕಡಿಮಿ ಬರ್ತದ ಅಂತ ಫೋನಿನ್ಯಾಗ ವಾದಾ ಮಾಡಿದ್ಲು. ಬಣ್ಣಾ ಮಾತ್ರ ಬಳಸಲಿಲ್ಲ. ನಾ ಹುಡುಕಿದ್ದು ಇಂಥಾ ಕೈನ.

ಇನ್ನೊಂದೆರಡು ಮಾತು ಹೇಳಿ ಮುಗಸ್ತೇನಿ, ಇವುಗಳಾಗ ನಮ್ಮ ಮಂದಿ ಭಾಳ ಗೊಂದಲ ಮಾಡ್ಕೋತಾರ.

ಮುಖತ್ಯಾರ ಪತ್ರ ಮೃತ್ಯುಪತ್ರ ಅಲ್ಲ. ನಾವು ಹೋದ ದಿನಾ ಅದೂ ಹೋತು. ಆಸ್ತಿ ಯಾರಿಗೆ ಅನ್ನೋದನ್ನ ಮೃತ್ಯುಪತ್ರದಾಗ ಬ್ಯಾರೆನ ಬರೀಬೇಕು, ನಾವ ಬರೀಬೇಕು, ಮುಖತ್ಯಾರರು ನಮ್ಮ ಪರವಾಗಿ ಬರೀಲಿಕ್ಕೆ ಬರೂದಿಲ್ಲ.

“ಜಿ.ಪಿ.ಎ. ಮಾಡಿ ಕೊಡ್ರಿ, ರೊಕ್ಕ ತಗೊಳ್ರಿ” ಅಂತ ಯಾರರ ಬಂದ್ರ ಹೂಂ ಅನಬ್ಯಾಡ್ರಿ. ಜಿ.ಪಿ.ಎ. ಮ್ಯಾಲ ಮಾರಿದ್ರ ಮಾಲಕಿ ಹಕ್ಕು ಹೋಗೂದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಾಗ ಹೇಳೇದ. ಆದ್ರೂ ರೊಕ್ಕ ತಗೊಂಡು ಕೊಟ್ಟ ಕಾಗದಾನ ಆಮ್ಯಾಲ ರದ್ದು ಮಾಡೋದು ಭಾಳ ತ್ರಾಸು.

ಬರೇ ಕೆಲಸದ ಸಲುವಾಗಿ ಕೊಟ್ಟ ಕಾಗದ ನಮಗ ಬ್ಯಾಡಂದಾಗ ರದ್ದು ಮಾಡಬಹುದು. ಮಾಡಿದ್ರ ಮನಸ್ಸಿನ್ಯಾಗ ಮಾಡಿದ್ರ ಸಾಲೂದಿಲ್ಲ. ಅವರಿಗೂ ಬರದು ತಿಳಸಬೇಕು, ಬ್ಯಾಂಕಿಗೂ ಬಾಡಿಗಿಯವರಿಗೂ ತಿಳಸಬೇಕು. ಅವರಿಗೆ ಗೊತ್ತಾಗೋತನಕ ಹಳೇ ಕಾಗದನ ನಡೀತದ. ಅಸಲು ಪ್ರತಿ ವಾಪಸ್ ತಗೊಳ್ರಿ. ನೋಂದಣಿ ಆಗಿದ್ರ ರದ್ದು ಮಾಡಿದ್ದನ್ನೂ ನೋಂದಣಿ ಮಾಡಸ್ರಿ.

ದವಾಖಾನ್ಯಾಗ ನಮ್ಮ ಬದಲಿ ಯಾರು ಮಾತಾಡಬೇಕು ಅನ್ನೋದಕ್ಕ ಈ ರೊಕ್ಕದ ಕಾಗದ ಬರೂದಿಲ್ಲ. ಕಡೀ ಕಾಲಕ್ಕ ಮಶೀನು ಹಚ್ಚಬೇಕೋ ಬ್ಯಾಡೋ ಅಂತ ಮೊದಲ ಬರದಿಡೋ ಪತ್ರ ಬ್ಯಾರೆ. ಅದಕ್ಕ ಸುಪ್ರೀಂ ಕೋರ್ಟ್ 2018ರಾಗ ಒಪ್ಪಿಗಿ ಕೊಟ್ಟು, 2023ರಾಗ ಹಾದಿ ಸಸಾರ ಮಾಡೇದ: ಇಬ್ಬರು ಸಾಕ್ಷಿ, ಒಬ್ಬರು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕು. ಅದರಾಗ ನಾ ಮಗನ ಹೆಸರನ್ನ ಮೊದಲ ಬರದೇನಿ. ಅಲ್ಲೆ ಅಂವನ ಪ್ರೀತಿ ಬೇಕು, ಅಂವಾ ಹತ್ತಿರನೂ ಇರ್ತಾನ.

ಅಕ್ಕನ ಹಂಗ ಮರವು ಬಂದ್ರ ಅನ್ನೋ ಅಂಜಿಕಿಗೆ ಪೂರಾ ಔಷಧ ಇಲ್ಲ. ಮನಿ ಖರ್ಚಿಗೆ ಆಗೋ ಅಷ್ಟು ರೊಕ್ಕ ಇರೋ ಒಂದು ಖಾತೆನ ಮಗಳ ಜೋಡಿ ಜಂಟಿ ಮಾಡೇನಿ, ಇಬ್ಬರಾಗ ಯಾರು ಬೇಕಾದ್ರೂ ತಗೀಬಹುದು ಅನ್ನೋಹಂಗ. ಠೇವು ಎಲ್ಲಾ ಅದರಾಗ ಹಾಕಿಲ್ಲ.

ಕಾಗದದ ಮುದ್ದತು ಬರೋ ಯುಗಾದಿಗೆ ಮುಗೀತದ. ಮೈದುನ ಈ ಸಲ ಸೀತನಿ ಕಳಸ್ಯಾನ, ತಾ ಬರಲಿಲ್ಲ, ಮಗನ ಕೈಯಾಗ ಕಳಸ್ಯಾನ. ಇರಲಿ. ಮಗಾ ಇನ್ನೂ ಪ್ರತಿ ಆಯತವಾರ ಫೋನ್ ಮಾಡಿ, “ಅವ್ವಾ, ಮನಿ ಮಾರೋದು ವಿಚಾರ ಮಾಡಿದ್ಯೇನು?” ಅಂತಾನ. “ಮಾರಬೇಕು ಅನಿಸಿದ ದಿನಾ ಸಬ್ ರಜಿಸ್ಟ್ರಾರ್ ಆಫೀಸಿನ ಮೆಟ್ಟಲಾ ನಾನ ಹತ್ತತೇನಪಾ, ಅದಕ್ಕಂತನ ಹೊಸಾ ಮೊಣಕಾಲು ಹಾಕಿಸಿಕೊಂಡೇನಿ” ಅಂತ ಹೇಳೇನಿ.